ಗಾಯದೊಳಗಿನ ಕರೆಂಟು

ಮೀಟರ್ ಉಗ್ರಾಣದಲ್ಲಿ ನನ್ನ ಎದುರಿನ ಮೇಜಿಗೆ ಅವರು ಬಂದು ಕೂತಾಗ ಅವರ ಹುದ್ದೆ ಬದಲಾಗಿತ್ತು. ಆದರೂ ಎಲ್ಲರೂ ಆಪರೇಟರ್ ಅಂತಲೇ ಕರೆಯುತ್ತಿದ್ದರು. ಅಷ್ಟು ವರ್ಷ ಸಬ್‌ಸ್ಟೇಷನ್ನಿನಲ್ಲಿ ಸ್ವಿಚ್ಚುಗಳ ಮುಂದೆ ಕೂತ ಮನುಷ್ಯನಿಗೆ ಬೇರೆ ಹೆಸರು ಯಾರ ಬಾಯಿಗೂ ಬರಲಿಲ್ಲ. ಉಗ್ರಾಣದ ಕೆಲಸವೇನೂ ದೊಡ್ಡದಲ್ಲ. ಮನೆಗಳಿಂದ ಕೆಟ್ಟು ಬಂದ ಮೀಟರುಗಳನ್ನು ಒರೆಸಿ, ಪರೀಕ್ಷೆಯ ಹಲಗೆಗೆ ಸಿಕ್ಕಿಸಿ, ಕರೆಂಟ್ ಕೊಟ್ಟು, ಓಡುತ್ತದೋ ಇಲ್ಲವೋ ನೋಡುವುದು. ಒರೆಸುವುದು, ಸಿಕ್ಕಿಸುವುದು ಎಲ್ಲವನ್ನೂ ಅವರು ಅಚ್ಚುಕಟ್ಟಾಗಿ ಮಾಡುತ್ತಿದ್ದರು. ಸ್ವಿಚ್ ಹಾಕುವ ಹೊತ್ತಿಗೆ ಮಾತ್ರ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನನ್ನ ಕಡೆ ನೋಡುತ್ತಿದ್ದರು. ನಾನೇ ಎದ್ದು ಹೋಗಿ ಹಾಕುತ್ತಿದ್ದೆ. ಯಾಕೆ ಅಂತ ಕೇಳುವ ಹಾಗಿರಲಿಲ್ಲ. ಇಲಾಖೆಯಲ್ಲಿ ಗೊತ್ತಿಲ್ಲದವರು ಯಾರಿದ್ದರು?

ಮನೆಯಲ್ಲೂ ಹಾಗೇ ಇತ್ತಂತೆ. ಕತ್ತಲಾದರೆ ಹೆಂಡತಿ ಬೇಕರಿ ಕೆಲಸ ಮುಗಿಸಿ ಬರುವ ತನಕ ಹಾಗೇ ಕೂತಿರುತ್ತಿದ್ದರು. ಸ್ವಿಚ್ಚು ಕಿವಿಯ ಪಕ್ಕದಲ್ಲೇ ಇರುತ್ತಿತ್ತು. ಒಳಗಿನ ಕೋಣೆಯಿಂದ ಬಾಮೈದ, ಅಂದರೆ ಹೆಂಡತಿಯ ತಮ್ಮ, "ಭಾವ, ಇಬ್ಬರೂ ಬಾವಲಿ ಆಗಿಬಿಟ್ವಿ ನೋಡಿ" ಅಂತ ನಗುತ್ತಿದ್ದ. ಆ ನಗುವೇ ಅವರಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಆದದ್ದು ಇಷ್ಟು. ಊರಿಗೆಲ್ಲ ಜೋರು ಗಾಳಿ ಬೀಸಿ, ಮರದ ಕೊಂಬೆಗಳು ತಂತಿಗಳ ಮೇಲೆ ಬಿದ್ದಿದ್ದವು. ಎರಡು ಲೈನುಗಳಲ್ಲಿ ಎರಡು ಗುಂಪು ಕೆಲಸಕ್ಕೆ ಇಳಿದಿತ್ತು. ಎರಡನ್ನೂ ಆಪರೇಟರೇ ಬಂದ್ ಮಾಡಿ ಕೊಟ್ಟಿದ್ದರು. ಒಂದು ಗುಂಪಿನಲ್ಲಿ ಅವರ ಬಾಮೈದ ಮತ್ತು ಅವನ ಜೊತೆಗಾರ ಏಣಿ. ಏಣಿ ಅನ್ನುವುದು ಅಡ್ಡಹೆಸರು. ಅಷ್ಟೆತ್ತರದ ಆಳು. ಅರ್ಧ ಕಂಬ ಹತ್ತಿದರೆ ಸಾಕು, ಮಿಕ್ಕಿದ್ದೆಲ್ಲ ಕೈಗೇ ಸಿಗುತ್ತೆ ಅಂತ ಎಲ್ಲರೂ ರೇಗಿಸುತ್ತಿದ್ದರು. ಬಾಮೈದನ ಗುಂಪು ಇಳಿದಿದ್ದ ಲೈನಿನ ಮನೆಗಳವರು ಕರೆಂಟ್ ಯಾವಾಗ ಅಂತ ಬೆಳಿಗ್ಗೆಯಿಂದ ಫೋನ್ ಮಾಡಿ ಮಾಡಿ ಆಪರೇಟರ್ ತಲೆ ತಿಂದಿದ್ದರು. ಹೀಗಾಗಿ ಅವರ ತಲೆಯ ತುಂಬ ಅದೇ ಲೈನು ಕೂತಿತ್ತು. ಮಧ್ಯಾಹ್ನ ಮತ್ತೆ ಫೋನ್ ಬಂತು. ಗಾಳಿಯ ಸದ್ದಿನ ಮಧ್ಯೆ ಒಂದು ಗಂಡು ಧ್ವನಿ, "ಕೆಲಸ ಮುಗೀತು, ಎಲ್ಲಾ ಇಳಿದಿದೀವಿ. ಲೈನ್ ಕೊಡಿ."

ಯಾರು ಮಾತಾಡೋದು, ಯಾವ ಲೈನು ಅಂತ ಕೇಳಬೇಕು. ಆ ಕಡೆಯಿಂದ ಎರಡು ಸಲ ಹೇಳಿಸಬೇಕು. ಅದು ನಿಯಮ, ಮತ್ತು ಅದನ್ನು ಆಪರೇಟರಷ್ಟು ಕಟ್ಟುನಿಟ್ಟಾಗಿ ಪಾಲಿಸಿದವರು ಇನ್ನೊಬ್ಬರಿರಲಿಲ್ಲ. ಆವತ್ತು ಮಾತ್ರ, "ಆಯ್ತಪ್ಪಾ, ಕೊಟ್ಟೆ" ಅಂದರು. ಎದ್ದು ಹೋಗಿ ಹಿಡಿ ತಿರುಗಿಸಿದರು.

ಫೋನ್ ಮಾಡಿದ್ದು ಇನ್ನೊಂದು ಗುಂಪಿನವನು.

ಹಿಡಿ ತಿರುಗಿಸಿದ ಮರುಗಳಿಗೆಯಲ್ಲೇ, ತಂತಿಗೆ ಏನಾದರೂ ತಗುಲಿದರೆ ಕರೆಂಟ್ ಕಡಿಯುವ ಬ್ರೇಕರ್ ಧಡ್ ಅಂತ ತಾನಾಗಿಯೇ ಕಳಚಿಕೊಂಡಿತಂತೆ. ಆ ಸದ್ದು ಕೇಳಿದ ಕೂಡಲೇ ಅವರಿಗೆ ಗೊತ್ತಾಗಿಹೋಯಿತು. ಕಂಬದ ಮೇಲೆ ಕೆಲಸ ಮುಗಿಯುತ್ತ ಬಂದಿತ್ತು. ಹೀಗೆ ಅಕಸ್ಮಾತ್ ಕರೆಂಟ್ ಬಂದರೆ ಭೂಮಿಗೆ ಹರಿದುಹೋಗಲಿ ಅಂತ ಕಟ್ಟಿಕೊಳ್ಳುವ ಸರಪಳಿಯನ್ನೂ ಆಗಲೇ ಬಿಚ್ಚಿ ಕೆಳಗೆ ಬಿಟ್ಟಿದ್ದರು. ಏಣಿ ಅಲ್ಲೇ ಹೋದ. ಬಾಮೈದ ಸೊಂಟದ ಪಟ್ಟಿಯಲ್ಲಿ ನೇತಾಡುತ್ತ ಉಳಿದ. ಕರೆಂಟು ಅವನ ಕೈಯಿಂದ ಒಳಗೆ ಹೊಕ್ಕು ಮೊಣಕಾಲ ಕೆಳಗೆ ಹೊರಗೆ ಬಂದಿತ್ತು.

ವಿಚಾರಣೆಯಲ್ಲಿ ತಪ್ಪನ್ನು ಎಲ್ಲರಿಗೂ ಒಂದಿಷ್ಟು ಹಂಚಿದರು. ಸರಪಳಿ ಬಿಚ್ಚಿದವರದೂ ಇತ್ತು, ಲೈನಿನ ಹೆಸರು ಹೇಳದೆ ಫೋನ್ ಮಾಡಿದವನದೂ ಇತ್ತು. ಆಪರೇಟರ್ ತಮ್ಮ ಪಾಲಿಗೆ ಬಂದದ್ದನ್ನು ಮಾತ್ರವಲ್ಲ, ಎಲ್ಲರದ್ದನ್ನೂ ಹೊತ್ತುಕೊಂಡು ಉಗ್ರಾಣಕ್ಕೆ ಬಂದರು.

ಧ್ವನಿ ಕೇಳಿಸಲು ಶುರುವಾದದ್ದು ಆಮೇಲೆ. ಫ್ಯಾನು ತಿರುಗುವಾಗ, ನಲ್ಲಿಗೆ ನೀರು ಬರುವ ಮುಂಚೆ ಕೊಳವೆ ಗೊರಗುಟ್ಟುವಾಗ, ಬಸ್ಸು ನಿಂತು ಹೊರಡುವಾಗ, ಎಲ್ಲದರ ಒಳಗಿನಿಂದಲೂ ಯಾರೋ "ಲೈನ್ ಕೊಡಿ" ಅನ್ನುತ್ತಿದ್ದರಂತೆ. ಮೊದಮೊದಲು ಅದು ಯಾರದೋ ಧ್ವನಿಯಾಗಿತ್ತು. ಬರಬರುತ್ತ ಏಣಿಯ ಧ್ವನಿಯಾಯಿತು. ಫೋನ್ ಮಾಡಿದ್ದು ಏಣಿ ಅಲ್ಲ ಅಂತ ಬುದ್ಧಿಗೆ ಗೊತ್ತಿತ್ತು. ಆದರೆ ಕಿವಿ ಬುದ್ಧಿಯ ಮಾತು ಕೇಳಬೇಕಲ್ಲ. ಒಮ್ಮೆ ಉಗ್ರಾಣದಲ್ಲಿ ತಂತಿಯೇ ಇಲ್ಲದ ಹಳೆಯ ಫೋನನ್ನು ಕಿವಿಗಿಟ್ಟುಕೊಂಡು, "ಯಾರು? ಯಾವ ಲೈನು? ಇನ್ನೊಂದ್ಸಲ ಹೇಳಿ" ಅನ್ನುತ್ತ ನಿಂತಿದ್ದನ್ನು ನಾನೇ ನೋಡಿದೆ. ನಾನು ಕೆಮ್ಮಿದೆ. ಅವರು ಫೋನಿನ ಧೂಳು ಒರೆಸುತ್ತಿದ್ದವರ ಹಾಗೆ ಮಾಡಿ ಕೆಳಗಿಟ್ಟರು.

ಬಾಮೈದನ ಕೈ ಗುಣವಾಯಿತು. ಕಾಲಿನದು ಆಗಲಿಲ್ಲ. ಮದುವೆಯಾಗದ ಹುಡುಗ, ಅಕ್ಕನ ಮನೆಯಲ್ಲೇ ಇದ್ದ. ತೊಡೆಯಿಂದ ಚರ್ಮ ತೆಗೆದು ಎರಡು ಸಲ ಹಚ್ಚಿದರು, ಎರಡು ಸಲವೂ ಅದು ಹಿಡಿಯದೆ ಕೊಳೆತು ಬಂತು. ಅಂಗೈಯಗಲದ ಗಾಯ, ಕೆಂಪಗೆ, ಒದ್ದೆಯಾಗಿ, ಹಾಗೇ ಇತ್ತು. ಅಂಚು ಗಟ್ಟಿಯಾಗಿ ದಡ ಕಟ್ಟಿಕೊಂಡುಬಿಟ್ಟಿತ್ತು. ಅಕ್ಕ ಬೆಳಿಗ್ಗೆ ಬೇಗ ಬೇಕರಿಗೆ ಹೋಗಬೇಕಾದ್ದರಿಂದ ಬಟ್ಟೆ ಬದಲಾಯಿಸುವ ಕೆಲಸ ಭಾವನ ಪಾಲಿಗೆ ಬಂತು. ದಿನಾ ಬೆಳಿಗ್ಗೆ ಅದನ್ನು ಬಿಚ್ಚುವುದು, ತೊಳೆಯುವುದು, ನೋಡುವುದು, ಕಟ್ಟುವುದು. ಇಬ್ಬರ ನಡುವೆ ಗಾಯದ ಮಾತು ಬಿಟ್ಟು ಮಿಕ್ಕೆಲ್ಲ ಮಾತು ನಡೆಯುತ್ತಿತ್ತು.

ದೊಡ್ಡಾಸ್ಪತ್ರೆಯ ಚರ್ಮದ ಡಾಕ್ಟರಮ್ಮ ಭಾವ ಬಾಮೈದ ಇಬ್ಬರನ್ನೂ ಕರೆಸಿದ್ದು ಆಗ. ಚಿಕ್ಕ ವಯಸ್ಸಿನವರು, ಮಾತು ಕಡಿಮೆ. ಮಾಗದ ಹಳೆಯ ಗಾಯಗಳ ಮೇಲೆ ಒಂದು ಹೊಸ ಪ್ರಯೋಗ ನಡೆಸುತ್ತಿದ್ದರು. ಬ್ಯಾಂಡೇಜಿನ ಒಳಗೆ ತೆಳ್ಳಗಿನ ಎರಡು ತಗಡು, ಅದಕ್ಕೆ ಎರಡು ತಂತಿ, ಬೆಂಕಿಪೊಟ್ಟಣದಷ್ಟು ದೊಡ್ಡ ಬ್ಯಾಟರಿ ಡಬ್ಬಿ.

ಬಾಮೈದ ಹೊಟ್ಟೆ ಹಿಡಿದುಕೊಂಡು ನಕ್ಕ. "ಡಾಕ್ಟ್ರೇ, ನನ್ನ ಸುಟ್ಟಿದ್ದೇ ಕರೆಂಟು. ಈಗ ಅದರ ಕೈಲೇ ಔಷಧಿ ಹಚ್ಚಿಸ್ತೀರಾ?"

"ಅದು ಬೇರೆ, ಇದು ಬೇರೆ. ಇದು ನಿಮಗೆ ಗೊತ್ತೂ ಆಗಲ್ಲ" ಅಂದರು ಡಾಕ್ಟರಮ್ಮ. "ನಮ್ಮ ಚರ್ಮದಲ್ಲೇ ಕರೆಂಟ್ ಇದೆ. ಹುಟ್ಟಿದಾಗಿಂದ ಇದೆ. ಚರ್ಮದ ಒಳಗಿಗೂ ಹೊರಗಿಗೂ ಮಧ್ಯೆ ಚೂರೇ ಚೂರು ವೋಲ್ಟೇಜ್ ಇರುತ್ತೆ. ಚರ್ಮ ಹರಿದ್ರೆ ಅಲ್ಲಿ ಸೋರಿಕೆ ಶುರುವಾಗುತ್ತೆ. ಸುತ್ತಲಿಂದ ಗಾಯದ ನಡುವಿಗೆ ಕರೆಂಟ್ ಹರಿಯುತ್ತೆ. ಅಂಚಿನಲ್ಲಿರೋ ಜೀವಕೋಶಗಳು ಅದರ ದಿಕ್ಕು ಹಿಡಿದು ಗಾಯ ಮುಚ್ಚೋಕೆ ಹೊರಡ್ತವೆ. ನಿಮ್ಮ ಗಾಯದಲ್ಲಿ ಆ ಸೂಚನೆ ಸತ್ತುಹೋದ ಹಾಗಿದೆ. ಅವು ಅಂಚಿನಲ್ಲೇ ಕೂತುಬಿಟ್ಟಿವೆ. ನಾವು ಹೊರಗಿನಿಂದ ಸ್ವಲ್ಪ ಕೊಟ್ಟು ನೋಡೋಣ ಅಂತ. ಗುಣ ಆಗೇ ಆಗುತ್ತೆ ಅಂತ ನಾನು ಹೇಳಲ್ಲ."

ಮೇಜಿನ ಮೇಲಿದ್ದ ಪರದೆಯಲ್ಲಿ ಅವರು ಒಂದು ಚಿತ್ರ ಓಡಿಸಿದರು. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಚರ್ಮದ ಜೀವಕೋಶಗಳು. ಬೂದು ಬಣ್ಣದ ಚುಕ್ಕೆಗಳು, ಒಂದೊಂದಕ್ಕೂ ಮುಂದುಗಡೆ ಸೆರಗಿನಂಥ ಒಂದು ಅಂಚು. ಮೊದಲು ದಿಕ್ಕುದೆಸೆ ಇಲ್ಲದೆ ಅಲ್ಲಲ್ಲೇ ಮಿಸುಕಾಡುತ್ತಿದ್ದವು. ಕರೆಂಟ್ ಕೊಟ್ಟರು. ಸ್ವಲ್ಪ ಹೊತ್ತಿಗೆ ಒಂದು ಎಡಕ್ಕೆ ತಿರುಗಿತು, ಇನ್ನೊಂದು ತಿರುಗಿತು, ಆಮೇಲೆ ಎಲ್ಲವೂ ಎಡಕ್ಕೆ, ಮೈನಸ್ ಇದ್ದ ಕಡೆಗೆ, ತೆವಳತೊಡಗಿದವು.

"ಇಲ್ಲಿ ನೋಡಿ, ತಂತಿ ಅದಲುಬದಲು ಮಾಡ್ತೀವಿ."

ಚುಕ್ಕೆಗಳು ನಿಂತವು. ಏನೋ ಕೇಳಿಸಿಕೊಂಡ ಹಾಗೆ ತಡೆದವು. ಹಿಂದುಮುಂದಾಗಿ, ಬಂದ ದಾರಿಯಲ್ಲೇ ಬಲಕ್ಕೆ ಹೊರಟವು.

ಆಪರೇಟರ್ ಕುರ್ಚಿಯ ತುದಿಗೆ ಸರಿದಿದ್ದರು. "ಮೇಡಂ, ಕರೀತಿರೋದು ಯಾರು ಅಂತ ಅವಕ್ಕೆ ಗೊತ್ತಾಗುತ್ತಾ?"

ಡಾಕ್ಟರಮ್ಮ ಅವರ ಮುಖ ನೋಡಿದರು. "ಇಲ್ಲ. ಯಾವ ಕಡೆ ಅಂತ ಮಾತ್ರ. ತಪ್ಪು ಕಡೆ ಕರೆದ್ರೂ ಹೋಗ್ತವೆ."

"ಹಾಗಾದ್ರೆ ಮನೇಲಿ ತಂತಿ ತಿರುಗುಮುರುಗು ಆಗಿಬಿಟ್ರೆ?"

"ಮುಚ್ಚೋ ಬದಲು ಹಿಂದಕ್ಕೆ ಸರೀಬಹುದು. ಅದಕ್ಕೇ ಒಂದಕ್ಕೆ ಕೆಂಪು, ಒಂದಕ್ಕೆ ಕಪ್ಪು ಬಣ್ಣ ಕೊಟ್ಟಿದೀವಿ. ಕಪ್ಪು ಮೈನಸ್ಸು, ಅದು ನಡುವೆ ಬರಬೇಕು, ಅಷ್ಟೇ. ದಿನಾ ಬಟ್ಟೆ ಕಟ್ಟೋದು ಯಾರು? ನೀವೇನಾ? ಕಟ್ಟಿದ ಮೇಲೆ ಗುಂಡಿ ಒತ್ತಿಬಿಡಿ."

ಆಪರೇಟರ್ ಎದ್ದರು. ಬಾಗಿಲು ದಾಟಿದರು. ಆಸ್ಪತ್ರೆಯ ಮೆಟ್ಟಿಲು ಇಳಿದು, ರಸ್ತೆಗೆ ಬಂದು, ಬಸ್ಸಿಗೂ ಕಾಯದೆ ಮನೆಯ ತನಕ ನಡೆದೇ ಹೋದರು. ಕಾಲು ಎಳೆಯುವ ಬಾಮೈದನನ್ನು ಆಸ್ಪತ್ರೆಯಲ್ಲೇ ಬಿಟ್ಟು ಬಂದದ್ದು ಮನೆ ಬಾಗಿಲಲ್ಲಿ ನೆನಪಾಯಿತು. ಬಾಮೈದ ಡಬ್ಬಿ ಹಿಡಿದುಕೊಂಡು ತಾನೇ ಆಟೋದಲ್ಲಿ ಬಂದ. ಹೆಂಡತಿ ಬಂದ ಮೇಲೆ ಜೋರು ಜಗಳವಾಯಿತು. ಅವರು ಒಂದೇ ಮಾತು ಹಿಡಿದು ಕೂತಿದ್ದರು. "ನೀನೇ ಒತ್ತು. ನನ್ನ ಕೈಲಿ ಒತ್ತಿಸಬೇಡ."

"ನಾನು ಬೆಳಿಗ್ಗೆ ಮನೇಲಿರ್ತೀನಾ? ಬ್ರೆಡ್ಡು ತಾನಾಗೇ ಒಲೆಗೆ ಹೋಗಿ ಮಲಗುತ್ತಾ?" ಅಂದರು ಅವರ ಹೆಂಡತಿ. ಆಮೇಲೆ ದನಿ ತಗ್ಗಿಸಿ, "ಅವನು ನನ್ನ ತಮ್ಮ ರೀ. ನಿಮ್ಮನ್ನ ಒಂದು ದಿನ ಒಂದು ಮಾತು ಅಂದಿಲ್ಲ ನಾನು. ಇದೊಂದು ಕೇಳ್ತಿದೀನಿ" ಅಂದರು.

ಮಾರನೆಯ ಬೆಳಿಗ್ಗೆ ಅವರು ಗಾಯ ತೊಳೆದರು. ಕಪ್ಪು ತಂತಿಯ ತಗಡನ್ನು ಗಾಯದ ನಡುವೆ ಇಟ್ಟರು, ಕೆಂಪು ತಂತಿಯದನ್ನು ಹೊರಗೆ ಸುತ್ತ ಹಾಯಿಸಿದರು. ಮತ್ತೆ ಬಿಚ್ಚಿದರು. ಮತ್ತೆ ಇಟ್ಟರು. ಬಾಮೈದ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ. ಭಾವನ ಕೈ ಡಬ್ಬಿಯ ಮೇಲೆ ಸುಮ್ಮನೆ ಇತ್ತು.

"ಕಪ್ಪು ನಡುವೆ ತಾನೇ?" ಅಂದರು ಅವರು.

"ನಡುವೆ."

"ನೋಡಿ ಹೇಳು."

"ನೋಡೇ ಹೇಳ್ತಿದೀನಿ ಭಾವ. ಒತ್ತಿ."

ಒತ್ತಿದರು. ಆ ಕ್ಷಣಕ್ಕೆ ಬಾಮೈದ, "ಅಯ್ಯಯ್ಯೋ!" ಅಂತ ಕಿರುಚಿ ಮೈ ಕೊಡವಿದ.

ತಮಾಷೆ. ಅವನ ಎಲ್ಲ ತಮಾಷೆಗಳ ಹಾಗೆ, ಹಿಂದುಮುಂದು ನೋಡದೆ ಮಾಡಿದ ತಮಾಷೆ. ಆದರೆ ಭಾವ ಗೋಡೆಗೆ ಆತುಕೊಂಡೇ ಕೆಳಕ್ಕೆ ಜಾರಿದರು. ಆಮೇಲೆ ನೆಲದ ಮೇಲೇ ವಾಂತಿ ಮಾಡಿಕೊಂಡರು. ಬಾಮೈದ ತಂತಿ ಕಿತ್ತುಕೊಂಡು, ಕುಂಡೆ ಎಳೆದುಕೊಂಡೇ ಅವರ ಹತ್ತಿರ ಬಂದ. ಕಟ್ಟಿದ ಬಟ್ಟೆಯೆಲ್ಲ ಬಿಚ್ಚಿ ನೆಲಕ್ಕೆ ಅಂಟುತ್ತಿತ್ತು.

"ಏನೂ ಆಗಿಲ್ಲ ಭಾವ. ಸುಳ್ಳು ಸುಳ್ಳೇ ಕಿರುಚಿದ್ದು. ನೋಡಿ, ನನ್ನ ನೋಡಿ."

ಅವರು ನೋಡಲಿಲ್ಲ. "ಅವನೂ ಹೀಗೇ ಕಿರುಚಿದ್ನಾ?" ಅಂದರು.

ಬಾಮೈದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿದನಂತೆ. "ಇದುವರೆಗೂ ನೀವು ಇದನ್ನ ಕೇಳೇ ಇಲ್ಲ. ದಿನಾ ನನ್ನ ಕಾಲು ತೊಳೀತೀರಿ, ಅಲ್ಲಿ ಮೇಲೆ ಏನಾಯ್ತು ಅಂತ ಒಂದು ದಿನ ಕೇಳಿಲ್ಲ."

"ಈಗ ಕೇಳ್ತಿದೀನಿ."

"ಕಿರುಚಲಿಲ್ಲ. ಊಟದ ಡಬ್ಬಿ ಮರೆತು ಬಂದಿದ್ದ. ನಿನ್ನದರಲ್ಲಿ ಅರ್ಧ ಕೊಡು ಅಂತಿದ್ದ. ನಾನು ಕೊಡಲ್ಲ, ನಿನ್ನಷ್ಟು ಉದ್ದದ ಹೊಟ್ಟೆಗೆ ಹಾಕಿ ಪೂರೈಸುತ್ತಾ ಅಂದೆ. ಅವನು ನಗೋಕೆ ಬಾಯಿ ತೆರೆದ. ಅಷ್ಟೇ. ನಾನು ಕೊಡಲ್ಲ ಅಂದಿದ್ದೇ ಅವನು ಕೇಳಿದ ಕೊನೇ ಮಾತು."

ಇದನ್ನೆಲ್ಲ ನನಗೆ ಹೇಳಿದ್ದು ಬಾಮೈದನೇ.

"ನಿನಗೆ ನನ್ನ ಮೇಲೆ ಸಿಟ್ಟಿಲ್ವಾ?" ಅಂತ ಭಾವ ಕೇಳಿದರಂತೆ.

"ಇದೆ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಇರುತ್ತೆ. ನೀವು ಬಿಸಿನೀರು ತಗೊಂಡು ಬಂದು ಕೂತ್ಕೋತೀರಿ, ಅಷ್ಟು ಮೆತ್ತಗೆ ತೊಳೀತೀರಿ, ಆಗ ಇನ್ನೂ ಜಾಸ್ತಿಯಾಗುತ್ತೆ. ಬೈಯೋಕೂ ಬಿಡಲ್ಲ ನೀವು. ಅದಕ್ಕೇ ನಗ್ತೀನಿ. ಏನು ಮಾಡ್ಲಿ?" ಅವನು ಕಣ್ಣೊರೆಸಿಕೊಂಡ. "ನೆಲ ಒರೆಸಿ. ಕೈ ತೊಳೆದು ಬನ್ನಿ. ಮತ್ತೆ ಕಟ್ಟೋಣ."

ಎರಡನೆಯ ಸಲ ಭಾವ ಒತ್ತಿದರು. ಡಬ್ಬಿಯ ಮೇಲೆ ಒಂದು ಹಸಿರು ದೀಪ ಹತ್ತಿತು. ಬಾಮೈದನಿಗೆ ಇರುವೆ ಹರಿದಷ್ಟೂ ಗೊತ್ತಾಗಲಿಲ್ಲವಂತೆ.

ಅಲ್ಲಿಂದ ಮುಂದೆ ಅದು ದಿನದ ಕೆಲಸವಾಯಿತು. ಆದರೆ ಸಲೀಸಾಯಿತು ಅನ್ನುವ ಹಾಗಿಲ್ಲ. ಉಗ್ರಾಣಕ್ಕೆ ಬಂದ ಮೇಲೂ ಮೇಜಿನಿಂದ ಥಟ್ಟನೆ ಎದ್ದು, "ಕಪ್ಪು ನಡುವೆ ಇಟ್ಟೆನಾ?" ಅಂತ ನನ್ನನ್ನೇ ಕೇಳುತ್ತಿದ್ದರು. ನಾನೇನು ಹೇಳಲಿ? "ಇಟ್ಟಿರ್ತೀರಿ" ಅನ್ನುತ್ತಿದ್ದೆ. ಕೆಲವು ಸಲ ಅದು ಸಾಲುತ್ತಿರಲಿಲ್ಲ, ಅರ್ಧ ದಿನ ರಜೆ ಹಾಕಿ ಮನೆಗೆ ಓಡುತ್ತಿದ್ದರು. ಯಾವತ್ತೂ ತಪ್ಪಿರಲಿಲ್ಲ.

ಒಂದು ದಿನ ಊಟದ ಹೊತ್ತಿನಲ್ಲಿ, ತುತ್ತು ಕೈಯಲ್ಲೇ ಇಟ್ಟುಕೊಂಡು ನನಗೆ ಹೇಳಿದರು. "ಆ ಬಟ್ಟೆ ಒಳಗೆ ಕತ್ತಲೆ ನೋಡಿ. ಆ ಕತ್ತಲಲ್ಲಿ ಅವು ನಡೀತಾ ಇರ್ತವೆ. ಕಣ್ಣಿಲ್ಲ, ಕಿವಿಯಿಲ್ಲ. ನಾನು ಗುಂಡಿ ಒತ್ತಿದೆ ಅಂತ ನಂಬಿಕೊಂಡು ನಡೀತಾ ಇರ್ತವೆ. ಅವೂ ನನ್ನ ಹಾಗೇ. ಯಾರು ಅಂತ ಕೇಳಲ್ಲ." ಅವರ ಕಣ್ಣು ನನ್ನ ಹೆಗಲ ಮೇಲಿಂದ ಎಲ್ಲೋ ನೋಡುತ್ತಿತ್ತು. ಹಿಂತಿರುಗಿ ನೋಡಬಾರದು ಅಂದುಕೊಂಡರೂ ನೋಡಿದೆ. ಮೀಟರುಗಳ ಕಪಾಟು ಬಿಟ್ಟು ಇನ್ನೇನಿತ್ತು?

ಗಾಯ ಮೊದಲು ಏನೂ ಬದಲಾಗಲಿಲ್ಲ. ಆಮೇಲೆ ದಡ ಕಟ್ಟಿದ್ದ ಅಂಚು ಮೆತ್ತಗಾಯಿತು. ಅದರ ಒಳಮಗ್ಗುಲಲ್ಲಿ ಹಾಲಿನ ಕೆನೆಯಂಥ ತೆಳ್ಳನೆಯ ನಸುಗೆಂಪು ಪೊರೆ ಕಾಣಿಸಿಕೊಂಡಿತು. ಡಾಕ್ಟರಮ್ಮ ಅಳತೆ ಹಿಡಿದರು, ತಲೆಯಾಡಿಸಿದರು, ಹಿಗ್ಗಲಿಲ್ಲ. ಚಳಿ ಮುಗಿದು ಬಿಸಿಲು ಏರುವಷ್ಟರಲ್ಲಿ ಗಾಯ ಹೆಬ್ಬೆರಳ ಉಗುರಿನಷ್ಟಕ್ಕೆ ಇಳಿದಿತ್ತು. ಬಾಮೈದ ಕೋಲು ಹಿಡಿದು ಬೀದಿಯ ತಿರುವಿನ ತನಕ ನಡೆಯುತ್ತಿದ್ದ.

ಆದರೆ ಧ್ವನಿ ನಿಲ್ಲಲಿಲ್ಲ. ಇನ್ನೂ ಹತ್ತಿರ ಬಂತು. ಈಗ ಅದು ಹಸಿರು ದೀಪ ಹತ್ತಿದ ಕೂಡಲೇ ಡಬ್ಬಿಯ ಒಳಗಿಂದಲೇ ಬರುತ್ತಿತ್ತಂತೆ. ಏಣಿಯ ಗಡಸು ಧ್ವನಿ, ನಿಧಾನವಾಗಿ, "ಎಲ್ಲಾ ಇಳಿದಿದೀವಿ" ಅಂತ. ಕೊನೆಗೆ ಅವರು ಬಾಮೈದನಿಗೆ ಹೇಳಿಬಿಟ್ಟರು. ಬಾಮೈದ ಹುಬ್ಬು ಗಂಟಿಕ್ಕಿ ಕೇಳಿಸಿಕೊಂಡ.

"ಗಡಸು ಧ್ವನಿನಾ? ಏಣಿದಾ?"

"ಅವನದೇ. ಅಷ್ಟೆತ್ತರದ ಆಳು, ಎದೆಯಿಂದ ಬರೋ ಧ್ವನಿ."

"ಭಾವ, ನೀವು ಏಣಿ ಜೊತೆ ಯಾವಾಗ ಮಾತಾಡಿದೀರಿ?"

ಯೋಚಿಸಿದರೆ, ಇಲ್ಲವೇ ಇಲ್ಲ. ದೂರದಿಂದ ಕಂಡಿದ್ದರು, ಕೈ ಎತ್ತಿದ್ದರು. ಸಬ್‌ಸ್ಟೇಷನ್ನಿಗೆ ಆ ಗುಂಪಿನಿಂದ ಫೋನ್ ಮಾಡುತ್ತಿದ್ದದ್ದು ಯಾವಾಗಲೂ ಬಾಮೈದನೇ.

"ಏಳಿ, ಹೋಗೋಣ" ಅಂದ ಬಾಮೈದ.

ಏಣಿಯ ಹೆಂಡತಿ ಊರಿನ ಆ ತುದಿಯಲ್ಲಿ, ಚಪ್ಪಲಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ಇದ್ದರು. ಮನೆಯಲ್ಲೇ ಬಟ್ಟೆ ಇಸ್ತ್ರಿ ಮಾಡಿ ಕೊಡುತ್ತಿದ್ದರು. ಬಾಮೈದ ಮೆಟ್ಟಿಲು ಹತ್ತಲು ತುಂಬ ಹೊತ್ತು ತೆಗೆದುಕೊಂಡ. ಆಪರೇಟರ್ ಅವನ ಹಿಂದೆ ನಿಂತು, ಹಾಗೇ ಇಳಿದು ಓಡಿಹೋಗಲೇ ಅಂತ ಯೋಚಿಸುತ್ತಿದ್ದರಂತೆ. ಆಕೆ ಬಾಗಿಲು ತೆಗೆದರು. ಬಾಮೈದನ ಕಾಲು ನೋಡಿದರು. ಹಿಂದಿದ್ದವರ ಮುಖ ನೋಡಿದರು. ಯಾರು ಅಂತ ಕೇಳಲಿಲ್ಲ. ಗೊತ್ತಾಗಿತ್ತು.

ಕೂತ ಮೇಲೆ ಬಾಮೈದನೇ ವಿಷಯ ಹೇಳಿದ. ಮುಚ್ಚುಮರೆ ಮಾಡಲಿಲ್ಲ. ಆಕೆ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಮಡಿಸಿದ ಬಟ್ಟೆಗಳ ಪಕ್ಕದಲ್ಲಿದ್ದ ಮೊಬೈಲ್ ತೆಗೆದು, ಒಂದು ಕಡೆ ಒತ್ತಿದರು.

"ಏಯ್, ಮೋಡ ಆಗಿದೆ ನೋಡು. ಬಟ್ಟೆ ತೆಗೆದುಬಿಡು. ನನ್ನ ನೀಲಿ ಅಂಗಿ ಮೊದಲು ತೆಗಿ. ಕೇಳಿಸ್ತಾ?"

ಏಣಿ ಯಾವತ್ತೋ ಫೋನಿಗೆ ಕಳಿಸಿದ್ದ ಮಾತು. ತೆಳ್ಳನೆಯ, ಓಡುವ ಧ್ವನಿ. ಹತ್ತಿರ ಹತ್ತಿರ ಹುಡುಗನ ಧ್ವನಿ. ಅಷ್ಟು ದೊಡ್ಡ ದೇಹದೊಳಗೆ ಅಷ್ಟು ಸಣ್ಣ ಧ್ವನಿ ಇತ್ತು ಅಂತ ಆಪರೇಟರ್ ಕನಸಲ್ಲೂ ಎಣಿಸಿರಲಿಲ್ಲ.

"ಇದಲ್ಲ" ಅಂದರು ಅವರು. ತಮಗೇ ಕೇಳಿಸದ ಹಾಗೆ. "ಇನ್ನೊಂದ್ಸಲ ಹಾಕ್ತೀರಾ?"

ಆಕೆ ಹಾಕಿದರು. ನೀಲಿ ಅಂಗಿ, ಮೋಡ, ಕೇಳಿಸ್ತಾ. ಆಪರೇಟರ್ ಮುಖ ಮುಚ್ಚಿಕೊಂಡರು. ಇಷ್ಟು ದಿನ ಜೊತೆಗೆ ಇಟ್ಟುಕೊಂಡದ್ದು ಸತ್ತವನನ್ನೂ ಅಲ್ಲ. ಎಲ್ಲಿಂದಲೋ ತಾವೇ ಒಂದು ಧ್ವನಿ ತಂದು, ಅದಕ್ಕೆ ಅವನ ಹೆಸರಿಟ್ಟು, ಅವನಿಂದ ಕ್ಷಮೆ ಕೇಳುತ್ತಿದ್ದರು. ಮನುಷ್ಯನ ಧ್ವನಿ ಹೇಗಿತ್ತು ಅಂತಲೂ ತಿಳಿಯದೆ ಅವನ ಉಸಿರು ನಿಲ್ಲಿಸಿದ್ದರು.

"ನಿಮಗೆ ಕೇಳ್ತಿದ್ದದ್ದು ಯಾರದೋ ನನಗೆ ಗೊತ್ತಿಲ್ಲ" ಅಂದರು ಆಕೆ. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಕನಿಕರವೂ ಇರಲಿಲ್ಲ. "ನನಗೆ ಅವರದು ಕೇಳೋದೇ ಇಲ್ಲ. ಎಷ್ಟು ಕಿವಿಗೊಟ್ಟರೂ ಇಲ್ಲ. ಅದಕ್ಕೇ ಇದನ್ನ ಹಾಕ್ಕೋತೀನಿ."

ಆಪರೇಟರ್ ಮುಖದಿಂದ ಕೈ ತೆಗೆದು, "ಆವತ್ತು ನಾನು ಕೇಳಲಿಲ್ಲಮ್ಮ. ಯಾರು ಅಂತ ಕೇಳಬೇಕಿತ್ತು. ಕೇಳಲಿಲ್ಲ" ಅಂದರು.

"ಗೊತ್ತು. ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಹೇಳೋಕೆ ನನಗೆ ಬರಲ್ಲ. ಬಂದಿದ್ದೀರಿ, ಒಳ್ಳೇದಾಯ್ತು. ಇನ್ನೊಂದ್ಸಲ ಬರಬೇಡಿ." ಆಮೇಲೆ ಬಾಮೈದನ ಕಡೆ ತಿರುಗಿ, "ನೀನು ಬಾಪ್ಪಾ. ನೀನು ಬಂದ್ರೆ ಅವರ ಸುದ್ದಿ ಹೇಳ್ತೀಯ" ಅಂದರು.

ಆ ದಿನದಿಂದ ಗಡಸು ಧ್ವನಿ ನಿಂತಿತು. ಅವರಿಗೆ ನೆಮ್ಮದಿಯಾಯಿತು ಅಂದುಕೊಂಡು ನಾನು ಖುಷಿಪಟ್ಟೆ. ಅವರು ತಲೆಯಲ್ಲಾಡಿಸಿದರು. "ಅದಿದ್ದಾಗ ಯಾರೋ ಇದ್ದರು ಅನ್ನಿಸ್ತಿತ್ತು. ಮಾತಿಗೆ ಮಾತು ಕೊಡಬಹುದಿತ್ತು. ಈಗ ನಾನೊಬ್ಬನೇ ಆ ಸ್ವಿಚ್ಚಿನ ಕೋಣೇಲಿ. ಹಿಡಿ ಮೇಲೆ ಕೈ ಇದೆ. ಎದುರಿಗೆ ಯಾರೂ ಇಲ್ಲ."

ಗಾಯ ಪೂರ್ತಿ ಮುಚ್ಚಿತು. ಇದು ಡಬ್ಬಿಯಿಂದಲೋ, ದಿನಾ ಮಾಡಿದ ಆರೈಕೆಯಿಂದಲೋ, ಅಥವಾ ಗುಣವಾಗುವ ಕಾಲ ಬಂದದ್ದಕ್ಕೋ ಅಂತ ಡಾಕ್ಟರಮ್ಮನನ್ನು ಕೇಳಿದರೆ, "ಇವರೊಬ್ಬರನ್ನೇ ನೋಡಿ ಹೇಳೋಕಾಗಲ್ಲ. ಕೆಲವರಿಗೆ ಏನೂ ಆಗಿಲ್ಲ" ಅಂದರಂತೆ. ಡಬ್ಬಿಯನ್ನು ವಾಪಸ್ ತೆಗೆದುಕೊಂಡರು. ಬಾಮೈದನಿಗೆ ಕಂಬ ಹತ್ತುವ ಕೆಲಸ ಇನ್ನಾಗುವುದಿಲ್ಲ, ಹೊಸಬರಿಗೆ ಕಲಿಸುವ ಶಾಲೆಯಲ್ಲಿ ಹಾಕಿದ್ದಾರೆ. ಸರಪಳಿ ಬಿಚ್ಚುವುದು ಕೊನೆಯ ಕೆಲಸ ಅಂತ ಅಲ್ಲಿ ಕಿರುಚಿ ಕಿರುಚಿ ಹೇಳುತ್ತಾನಂತೆ. ವಾರಕ್ಕೊಮ್ಮೆ ಚಪ್ಪಲಿ ಅಂಗಡಿಯ ಮೇಲಿನ ಮನೆಗೆ ಹೋಗಿ ಏಣಿಯ ಸುದ್ದಿ ಹೇಳಿ ಬರುತ್ತಾನೆ. ಹೇಳುವುದೆಲ್ಲ ಮುಗಿದ ಮೇಲೆ ಒಂದಿಷ್ಟು ತಾನೇ ಕಟ್ಟಿಯೂ ಹೇಳುತ್ತಾನೆ ಅಂತ ನನಗೆ ಅನುಮಾನ.

ಆಪರೇಟರ್ ನನ್ನ ಎದುರಿನ ಮೇಜಿನಲ್ಲೇ ನಿವೃತ್ತರಾದರು. ಮೊನ್ನೆ ಅವರನ್ನು ನೋಡಲು ಮನೆಗೆ ಹೋಗಿದ್ದೆ. ಬಾಮೈದ ಕಿಟಕಿಯ ಬಿಸಿಲಿಗೆ ಕಾಲು ಚಾಚಿ ಕೂತಿದ್ದ. ಹೊಸ ಚರ್ಮ ಒಣಗಿ ಬಿರಿಯದಿರಲಿ ಅಂತ ಅವರು ಎಣ್ಣೆ ಹಚ್ಚುತ್ತಿದ್ದರು. ಅಂಗೈಯಗಲ, ಕೂದಲಿಲ್ಲದೆ, ಬೆಂದ ಈರುಳ್ಳಿಯ ಸಿಪ್ಪೆಯ ಹಾಗೆ ಹೊಳೆಯುತ್ತಿತ್ತು. ಅದರ ನಡುವೆ ಸ್ಪರ್ಶ ತಿಳಿಯುವುದಿಲ್ಲವಂತೆ. ಅವರು ಬೆರಳನ್ನು ನಡುವಿನಿಂದ ನಿಧಾನವಾಗಿ ಹೊರಗೆ ಸರಿಸುತ್ತ, ನನ್ನನ್ನು ಮರೆತು, ಕೇಳುತ್ತಿದ್ದರು.

"ಇಲ್ಲಿ ಗೊತ್ತಾಗುತ್ತಾ?"

"ಇಲ್ಲ ಭಾವ."

"ಇಲ್ಲಿ?"

"ಊಹೂಂ."

"ಇಲ್ಲಿ?"

"ಹ್ಞಾಂ," ಅಂದ ಬಾಮೈದ. "ಈಗ ಗೊತ್ತಾಯ್ತು. ಅದು ನಿಮ್ಮ ಬೆರಳು."